ದೇವರ ಮುಂದೆ ತಪ್ಪೊಪ್ಪಿಕೊಂಡಿರಿ, ಹಾಡಿದವರ ಮುಂದೆ?

2020ರ ಆಗಸ್ಟಿನಲ್ಲಿ ಚಂದನ್ ಶೆಟ್ಟಿಯವರು 'ಕೋಲುಮಂಡೆ' ಹಾಡನ್ನು ಹೊಸ ಧಾಟಿಯಲ್ಲಿ ಬಿಟ್ಟರು. ತಾವೇ ಸಾಲು ಕಟ್ಟಿ, ಕಂಪ್ಯೂಟರಿನಲ್ಲಿ ತಾಳ ಕೂರಿಸಿ, ತಾವೇ ಹಾಡುವ ಗಾಯಕರು ಅವರು. 'ತ್ರೀ ಪೆಗ್' ಹಾಡಿನಿಂದ ಹೆಸರಾದವರು. 2018ರಲ್ಲಿ ಬಿಗ್ ಬಾಸ್ ಗೆದ್ದು ಮನೆಮಾತಾದವರು. ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿ ನೋಡಿ ಚಾಮರಾಜನಗರದ ಕಡೆಯ ಮಾದಪ್ಪನ ಒಕ್ಕಲು ಕೆರಳಿತು. ಗಾಯಕರು ಕ್ಷಮೆ ಕೇಳಿದರು. ವಿಡಿಯೊ ಹಿಂದಕ್ಕೆ ಹೋಯಿತು. ಭಕ್ತರಿಗೆ ನೋವಾಗಿತ್ತು, ಈಗ ಸಮಾಧಾನವಾಯಿತು ಎಂದು ಎಲ್ಲರೂ ಎದ್ದು ಹೋದರು.

ನಾವು ಇನ್ನೂ ಎದ್ದಿಲ್ಲ. ನಮ್ಮ ಲೆಕ್ಕ ಅಲ್ಲಿಗೆ ತೀರಲಿಲ್ಲ.

ಗೆಳೆಯರೇ, ಆ ಗಲಾಟೆಯಲ್ಲಿ ಮಠದವರು ಮಾತಾಡಿದರು, ಮುಖಂಡರು ಮಾತಾಡಿದರು, ಟೀವಿಯವರು ಮಾತಾಡಿದರು. ಆ ಹಾಡನ್ನು ಬಾಯಿಂದ ಬಾಯಿಗೆ ದಾಟಿಸಿ ಇಲ್ಲಿಯತನಕ ತಂದ ದೇವರಗುಡ್ಡನನ್ನು ಯಾರಾದರೂ ಮೈಕಿನ ಮುಂದೆ ಕೂರಿಸಿದರಾ? ಕಂಸಾಳೆ ಹಿಡಿದು ಮನೆಮನೆ ಬಾಗಿಲಲ್ಲಿ ನಿಂತು ಕೋರಣ್ಯ ಎತ್ತಿದವನಿಗೆ 'ನಿನ್ನ ಹಾಡು ತಗೊಂಡಿದ್ದೀವಿ, ನಿನ್ನ ಪಾಲೆಷ್ಟು' ಎಂದು ಕೇಳಿದರಾ? ಕನಕಪುರದ ಕಡೆ ನಮಗೆ ಗೊತ್ತಿರುವ ಒಬ್ಬ ತಂಬೂರಿಯ ಅಜ್ಜ ಇದನ್ನೇ ಎರಡು ಮಾತಲ್ಲಿ ಹೇಳಿದ: 'ಮಾದಪ್ಪುಂಗೆ ತಪ್ಪು ಕಾಣ್ಕೆ ಕಟ್ಟುದ್ರು ಬುಡು. ನಮ್ ತಂಬೂರಿಗೇನ್ ಕಟ್ಟುದ್ರು?'

ಮೊದಲು ಹಾಡಿನ ಅರ್ಥವನ್ನೇ ನೋಡೋಣ. ಅರ್ಥ ಗೊತ್ತಿಲ್ಲದವರು ಅದನ್ನು ಕುಣಿತದ ಹಾಡು ಅಂದುಕೊಂಡಿದ್ದಾರೆ. ಸಂಕಮ್ಮ ಯಾರು? ಸೋಲಿಗರ ಹೆಣ್ಣು. ಅವಳ ಗಂಡ ನೀಲೇಗೌಡ ಹೆಜ್ಜೇನಿನ ಮಲೆಗೆ ಹೊರಟವನು ಹೆಂಡತಿಯ ಮೇಲೆ ಅನುಮಾನ ತಾಳುತ್ತಾನೆ. ತಾನು ಬರುವತನಕ ಪರಪುರುಷನನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡದ ಮೇಲೆ ಭಾಷೆ ಯಾಕೆ ಕೊಡಲಿ ಎಂಬುದು ಅವಳ ಪಟ್ಟು. ಹಿಂಸೆ ಕೊಡುತ್ತಾನೆ, ಕಾಡಿನಲ್ಲಿ ಕಟ್ಟಿಹಾಕಿ ಹೋಗುತ್ತಾನೆ. ಆಗಲೂ ಕೊಡುವುದಿಲ್ಲ. ಅವಳ ಕೂಗಿಗೆ ಮಾದೇವ ಜಂಗಮನಾಗಿ ಭಿಕ್ಷೆ ಬೇಡುತ್ತ ಬರುತ್ತಾನೆ. ಕಟ್ಟು ಬಿಚ್ಚುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕೋಲುಮಂಡೆ ಎಂದು ಹಾಡುವುದು ಬೇಡುತ್ತ ಬಂದ ಈ ಜಂಗಮನನ್ನು. ದೇವರು ಕಾಡಿನ ಹೆಣ್ಣಿನ ಬಾಗಿಲಿಗೆ ಜೋಳಿಗೆ ಹಿಡಿದು ಬರುವ ಹಾಡು ಇದು. ಗಂಡನಿಗೆ ಶೀಲದ ರಸೀತಿ ಕೊಡಲೊಪ್ಪದ ಹೆಣ್ಣಿನ ಹಾಡು. ಸೀತೆ ಬೆಂಕಿಗೆ ಬಿದ್ದಳು, ಸಂಕಮ್ಮ ಬೀಳಲಿಲ್ಲ. ನಮ್ಮ ತಾಯಂದಿರು ರಾಗಿ ಬೀಸುತ್ತ, ಕಳೆ ಕೀಳುತ್ತ ಇವಳ ಕತೆಯನ್ನು ಯಾಕೆ ಉಳಿಸಿಕೊಂಡರು ಎಂಬುದು ಇದರಿಂದ ತಿಳಿಯುತ್ತದೆ.

ಇಂಥ ಹೆಣ್ಣನ್ನು ಯಾವುದೋ ಪಬ್ಬಿನ ಬೆಳಕಿನ ಕೆಳಗೆ ನಿಲ್ಲಿಸಿದಂತೆ ನಿಲ್ಲಿಸಿದರೆ ಕೆಡುವುದು ದೇವರ ಮಾನವೊಂದೇ ಅಂತ ತಿಳಿಯಬೇಡಿ. ಭಾಷೆ ಕೊಡದೆ ನಿಂತವಳ ಹಟ ಅಲ್ಲಿ ಕಾಣೆಯಾಯಿತು. ಭಕ್ತರೂ ಅದನ್ನು ಕೇಳಲಿಲ್ಲ. ಅವರಿಗೆ ಸಂಕಮ್ಮ ಸೆರಗು ಹೊದ್ದು ಕೈಮುಗಿದು ನಿಂತಿದ್ದರೆ ಸಾಕಿತ್ತು. ಒಬ್ಬರು ಅವಳನ್ನು ಗೊಂಬೆ ಮಾಡಿದರು, ಇನ್ನೊಬ್ಬರು ಪಟ ಮಾಡಿ ಗೋಡೆಗೆ ಹಾಕಿದರು.

ಈ ಹಾಡು ಪೇಟೆಗೆ ಬಂದದ್ದು ಇದೇ ಮೊದಲಲ್ಲ. 1996ರಲ್ಲಿ ನಾಗಾಭರಣರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಇದನ್ನು ತಂದರು. ಎಲ್.ಎನ್. ಶಾಸ್ತ್ರಿಯವರು ಎದೆತುಂಬಿ ಹಾಡಿದರು, ರಾಜ್ಯಪ್ರಶಸ್ತಿಯೂ ಬಂತು. ಆ ಹಾಡನ್ನು ನಾವು ಟೂರಿಂಗ್ ಟಾಕೀಸಿನ ಕತೆಗಳ ಜೊತೆ ಅಪ್ಪಂದಿರ ಬಾಯಲ್ಲಿ ಕೇಳಿ ಬೆಳೆದವರು. ಚೆನ್ನಾಗಿಯೇ ಇದೆ, ಯಾರು ಇಲ್ಲ ಅಂದರು? 2021ರಲ್ಲಿ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ' ಬಂತು. ಮಿಥುನ್ ಮುಕುಂದನ್ ಸಂಗೀತ, ಚೈತ್ರಾ ಜೆ. ಆಚಾರ್ ದನಿ. ಮಾದಪ್ಪನಿಗೆ ಮಲ್ಲಿಗೆ ತರುವ 'ಸೋಜುಗದ ಸೂಜು ಮಲ್ಲಿಗೆ' ಅಲ್ಲಿ ಕೊಲೆಗಾರನ ಕುಣಿತಕ್ಕೆ ಹಿನ್ನೆಲೆಯಾಯಿತು. ಮೈ ಜುಮ್ಮೆನ್ನುವ ಹಾಗೆಯೇ ಮಾಡಿದ್ದಾರೆ, ಅದನ್ನೂ ಒಪ್ಪುತ್ತೇವೆ. ಶಾಸ್ತ್ರಿಯವರ ಹೆಸರು ನಮಗೆ ಗೊತ್ತು. ಚೈತ್ರಾ ಅವರ ಹೆಸರು ಗೊತ್ತು. ಇವರಿಗಿಂತ ಮುಂಚೆ ಹಾಡಿದವರ ಹೆಸರು ಹೇಳಿ ನೋಡೋಣ. ಒಂದೇ ಒಂದು ಹೆಸರು.

ಹೇಳಲಾರಿರಿ. ಯಾಕೆಂದರೆ ಆ ಜಾಗದಲ್ಲಿ ಒಂದು ಪದ ಕೂತಿದೆ. ಜಾನಪದ.

ನೋಡಿ, ಎಂಥ ಚೆಂದದ ಪದ! ನವಿರಾಗಿದೆ, ಮಣ್ಣಿನ ವಾಸನೆ ಇದೆ, ವಿಶ್ವವಿದ್ಯಾನಿಲಯದಲ್ಲಿ ಅದಕ್ಕೊಂದು ವಿಭಾಗವೂ ಇದೆ. ಕ್ಯಾಸೆಟ್ಟಿನ ಮೇಲೆ, ಸಿನಿಮಾ ಪರದೆಯ ಮೇಲೆ, ಮೊಬೈಲಿನ ಹಾಡಿನ ಪಟ್ಟಿಯಲ್ಲಿ 'ಸಾಹಿತ್ಯ: ಜಾನಪದ' ಎಂದು ಬರೆದರೆ ಆಯಿತು. ಹಾಡಿಗೆ ಅಪ್ಪ ಅಮ್ಮ ಇಲ್ಲ, ಕೇರಿ ಇಲ್ಲ, ಕೂಲಿ ಕೇಳುವವರಿಲ್ಲ. ಊರ ಹೊರಗಿನ ಹುಲ್ಲುಗಾವಲನ್ನು ಸರ್ಕಾರಿ ಬೀಳು ಎಂದು ಬರೆಸಿ ಗೌಡರು ಬೇಲಿ ಹಾಕಿದ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಲ್ಲಿ ದನ ಮೇಯಿಸುತ್ತಿದ್ದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಇದೂ ಅದೇ ಪಹಣಿ.

ಕಾನೂನು ಏನು ಹೇಳುತ್ತದೆ ಅಂತ ಓದಿ ನೋಡಿದೆವು. ನಮ್ಮ ಮನೆಗಳಲ್ಲಿ ಕಾಯಿದೆ ಪುಸ್ತಕ ಬಿಚ್ಚಿದ ಮೊದಲ ತಲೆಮಾರು ನಾವು. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಕರ್ತೃ ಯಾರೆಂದು ಗೊತ್ತಿಲ್ಲದ ಹಳೆಯ ಹಾಡು ಯಾರ ಸೊತ್ತೂ ಅಲ್ಲ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಆದರೆ ಅದನ್ನೇ ಸ್ಟುಡಿಯೊದಲ್ಲಿ ಹಿಡಿದು ಬಿಡುಗಡೆ ಮಾಡಿದರೆ ಆ ಧ್ವನಿಮುದ್ರಣ ಮಾತ್ರ 60 ವರ್ಷ ಮುದ್ರಿಸಿದವರ ಸೊತ್ತು. ಎಲ್ಲರದು ಎಂದು ಎತ್ತಿಕೊಂಡದ್ದು ಮೂರು ನಿಮಿಷದಲ್ಲಿ ಕಂಪನಿಯದಾಗುತ್ತದೆ. 2012ರ ತಿದ್ದುಪಡಿಯಲ್ಲಿ ಸಾಹಿತಿಗೆ, ಸಂಗೀತ ಕಟ್ಟಿದವರಿಗೆ, ಹಾಡುಗಾರರಿಗೂ ರಾಯಧನದ ಪಾಲು ಬರಬೇಕು ಎಂದಿದೆ. ಒಳ್ಳೆಯ ಕಾನೂನೇ. ಆದರೆ ಪಾಲು ಬರುವುದು ಸ್ಟುಡಿಯೊದ ಗಾಜಿನೊಳಗೆ ನಿಂತು ಹಾಡಿದವನಿಗೆ. ನಾಲ್ಕು ತಲೆಮಾರು ಗಾಜಿನಾಚೆ ನಿಂತು ಹಾಡಿದವನಿಗೆ ಆ ಕಾಗದದಲ್ಲಿ ಗೆರೆಯೇ ಇಲ್ಲ.

ನಮ್ಮದೇ ಒಂದು ಪುಟ್ಟ ಪ್ರಸಂಗ. ಕೇರಿಯ ಹುಡುಗರು ಹಬ್ಬದ ರಾತ್ರಿಯ ಹಾಡನ್ನು ಮೊಬೈಲಿನಲ್ಲಿ ಹಿಡಿದು ಜಾಲಕ್ಕೆ ಹಾಕಿದರು. ಹಾಡಿದ್ದು ನಮ್ಮ ದೊಡ್ಡಪ್ಪ, ಬಾರಿಸಿದ್ದು ನಮ್ಮ ಹುಡುಗರು. ಎರಡು ದಿನಕ್ಕೆ ನೋಟಿಸು ಬಂತು. ಇದು ಇಂಥ ಕಂಪನಿಯ ಹಾಡು, ಇದರಿಂದ ಬರುವ ಕಾಸು ಅವರಿಗೆ ಸೇರತಕ್ಕದ್ದು ಅಂತ. ಹಾಡುಗಳನ್ನು ತಾಳೆ ನೋಡುವ ಯಂತ್ರಕ್ಕೆ ದೊಡ್ಡಪ್ಪ ತನ್ನ ಅಪ್ಪನ ಹಾಡನ್ನು ಕದ್ದ ಹಾಗೆ ಕಂಡಿತು. ದೊಡ್ಡಪ್ಪ ನಕ್ಕ. 'ಸರಿ ಬುಡ್ಲಾ, ಕಂಪ್ನಿಯೋರ್ನ ಮುಂದ್ಲೊರ್ಷ ಹಬ್ಬಕ್ ಕರಿ, ಅವ್ರೇ ಹಾಡ್ಲಿ' ಅಂದ. ನಮಗೆ ನಗು ಬರಲಿಲ್ಲ.

ಈಗ ತಾಳದ ಮಾತಿಗೆ ಬರೋಣ, ಯಾಕೆಂದರೆ ಯಂತ್ರಸಂಗೀತದವರಿಗೆ ನಮ್ಮ ಮಾತಿಗಿಂತ ನಮ್ಮ ಪೆಟ್ಟು ಬೇಕು. ತಮಟೆ. ಸತ್ತ ದನದ ತೊಗಲು ಸುಲಿದು, ಹದಮಾಡಿ, ಬಳೆಗೆ ಬಿಗಿದು, ಬೆಂಕಿಗೆ ಕಾಯಿಸಿ ನಾದ ಏರಿಸುವ ವಾದ್ಯ. ಮುಟ್ಟಿದರೆ ಮೈಲಿಗೆ, ಸದ್ದು ಮಾತ್ರ ದೇವರ ಮೆರವಣಿಗೆಗೆ ಬೇಕು. ಊರಲ್ಲಿ ಹೆಣ ಬಿದ್ದರೆ ಬಾ, ದೇವರು ಹೊರಟರೆ ಬಾ, ಗೌಡರ ಮನೆ ಮದುವೆಗೆ ಬಾ. ಬಿಟ್ಟಿ ಚಾಕರಿ. ಕೊಟ್ಟರೆ ಒಂದು ಮೊರ ರಾಗಿ, ಇಲ್ಲದಿದ್ದರೆ ಬೈಗುಳ. ಎಪ್ಪತ್ತರ ದಶಕದಲ್ಲಿ ಸಂಘರ್ಷ ಸಮಿತಿ ಊರೂರಿಗೆ ಬಂದಾಗ ನಮ್ಮವರು ಎಷ್ಟೋ ಕಡೆ ತಮಟೆ ಬಾರಿಸಲು ನಿರಾಕರಿಸಿದರು. ಅದಕ್ಕಾಗಿ ಏಟು ತಿಂದರು, ಬಹಿಷ್ಕಾರ ಉಂಡರು. ಅದೇ ತಮಟೆಯನ್ನು ತಿರುಗಿ ಎತ್ತಿಕೊಂಡು ಹೋರಾಟದ ಹಾಡಿಗೆ ಬಾರಿಸಿದವರೂ ನಮ್ಮವರೇ. ಹೆಣದ ಮುಂದೆ ನುಡಿದದ್ದು ತಾಲ್ಲೂಕು ಕಚೇರಿಯ ಮುಂದೆ ನುಡಿಯಿತು. ಈ ಎರಡು ಪೆಟ್ಟಿನ ನಡುವೆ ಎಷ್ಟು ರಕ್ತ ಇದೆ ಎಂಬುದು ಲ್ಯಾಪ್‌ಟಾಪಿನ ಮುಂದೆ ಕೂತವರಿಗೆ ಗೊತ್ತಿದೆಯೆ?

ಈಗ ಏನಾಗುತ್ತದೆ ಗೊತ್ತೆ? ಒಬ್ಬ ತಮಟೆಯವನನ್ನು ಕರೆಸಿ ಅರ್ಧ ದಿನ ಬಾರಿಸಿಕೊಳ್ಳುತ್ತಾರೆ. ಅದರಲ್ಲಿ ನಾಲ್ಕು ಸೆಕೆಂಡು ಕತ್ತರಿಸಿ ಯಂತ್ರಕ್ಕೆ ಉಣಿಸುತ್ತಾರೆ. ಅದು ಸುತ್ತುತ್ತದೆ, ಸುತ್ತುತ್ತದೆ, ಸುತ್ತುತ್ತಲೇ ಇರುತ್ತದೆ. ಆಮೇಲೆ ಆ ತಮಟೆಯವನು ಬೇಕಿಲ್ಲ. ಹತ್ತು ಹಾಡಿಗೆ ಅದೇ ನಾಲ್ಕು ಸೆಕೆಂಡು ಸಾಕು. ಅರ್ಧ ದಿನದ ಕೂಲಿ ಕೊಟ್ಟು ಜೀವಮಾನದ ದುಡಿತ ಕೊಂಡ ವ್ಯಾಪಾರ ಇದು. ಜೀತಕ್ಕೂ ಒಂದು ಅವಧಿ ಇತ್ತು ಸ್ವಾಮಿ. 1976ರ ಕಾಯಿದೆ ಜೀತಪದ್ಧತಿಯನ್ನು ರದ್ದು ಮಾಡಿತು. ಈ ಸುತ್ತುವ ಜೀತಕ್ಕೆ ಯಾವ ಕಾಯಿದೆ? ಶಿಡ್ಲಘಟ್ಟ ತಾಲ್ಲೂಕು ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ನಾವು ಕುಣಿದೆವು. ತಮಟೆ ಎಂಬ ಪದ ರಾಷ್ಟ್ರಪತಿ ಭವನದ ಹೊಸಿಲು ದಾಟಿತಲ್ಲ ಎಂದು. ಅಂದಮೇಲೆ ತಮಟೆಯವನಿಗೂ ಒಂದು ಹೆಸರಿರುತ್ತದೆ ಎಂದಾಯಿತು. ಹಾಡಿನ ಕೆಳಗೆ ಬರೆಯಲು ಏನು ಅಡ್ಡಿ?

ಇಲ್ಲಿ ಇನ್ನೊಂದು ಗುಂಪು ಎದ್ದು ನಿಲ್ಲುತ್ತದೆ. 'ನಿಜ ನಿಜ, ಈ ರೀಮಿಕ್ಸ್ ಹಾವಳಿಯಿಂದ ನಮ್ಮ ಸಂಸ್ಕೃತಿ ಕೆಟ್ಟುಹೋಯಿತು, ಶುದ್ಧ ಜಾನಪದ ಉಳಿಯಬೇಕು' ಅನ್ನುತ್ತದೆ. ದಯವಿಟ್ಟು ಕೂತುಕೊಳ್ಳಿ. ನಾವು ನಿಮ್ಮ ಕಡೆಯವರಲ್ಲ. ಶುದ್ಧ ಎಂಬ ಪದ ಕೇಳಿದರೆ ನಮಗೆ ಊರ ಬಾವಿ ನೆನಪಾಗುತ್ತದೆ. ಯಂತ್ರದ ಮೇಲೆ ನಮಗೆ ಯಾವ ಹಗೆಯೂ ಇಲ್ಲ. ಕ್ಯಾಸೆಟ್ ಬಂದಾಗ ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಮಂಟೇಸ್ವಾಮಿಯೂ ಮಾದಪ್ಪನೂ ನಮ್ಮ ಹಟ್ಟಿಗಳ ಟೇಪ್‌ರೆಕಾರ್ಡರಿನೊಳಗೆ ಬಂದು ಕೂತರು, ಅಲ್ಲಿ ಹಾಡಿದವರ ಹೆಸರೂ ಇತ್ತು, ಊರೂ ಇತ್ತು. ಯಂತ್ರ ಹೆಸರು ನುಂಗುವುದಿಲ್ಲ, ಯಂತ್ರದ ಒಡೆಯ ನುಂಗುತ್ತಾನೆ. ಚನ್ನಪಟ್ಟಣದಲ್ಲಿ, ಮಾಗಡಿಯಲ್ಲಿ ನಮ್ಮ ಹುಡುಗರು ಈಗ ಮೊಬೈಲಿನಲ್ಲೇ ತಾಳ ಕಟ್ಟುತ್ತಿದ್ದಾರೆ. ಅಂಬೇಡ್ಕರ್ ಜಯಂತಿಗೆ ಡಿಜೆ ವಾಹನದಲ್ಲಿ ಹಾಕುವ ಹಾಡಿಗೆ ತಮ್ಮ ದನಿ ಸೇರಿಸುತ್ತಿದ್ದಾರೆ. ಕಟ್ಟಲಿ. ತಮಟೆಗೆ ಬೆಂಕಿ ಕಾಯಿಸಿದವರ ಮೊಮ್ಮಕ್ಕಳು ಕರೆಂಟು ಕಾಯಿಸುತ್ತಿದ್ದಾರೆ, ಅಷ್ಟೆ.

ಮಂಟೇಸ್ವಾಮಿಯ ಮಾತು ಬಂತು. ಆ ಕಾವ್ಯವನ್ನು ಹೊತ್ತ ನೀಲಗಾರರಲ್ಲಿ ಬಹುಪಾಲು ನಮ್ಮ ಕೇರಿಗಳವರು. ಕಲ್ಯಾಣದ ಬಾಗಿಲಲ್ಲಿ ಹೆಂಡ, ಸತ್ತ ಕರು ಹೊತ್ತು ನಿಂತು ಶರಣರ ಮಡಿಯನ್ನೇ ಪರೀಕ್ಷಿಸಿದ ಗುರು ಅವನು. ಬಸವಣ್ಣನ ಕಲ್ಯಾಣದ ಒಳಗೂ ಒಂದು ಹೊರಗಿದೆ ಎಂದು ತೋರಿಸಿದವನು. ಇಷ್ಟು ದೊಡ್ಡ ಟೀಕೆಯನ್ನು ಓದು ಬಾರದವರು ನೂರಾರು ವರ್ಷ ತಂಬೂರಿಯಲ್ಲಿ ಉಳಿಸಿದ್ದಾರೆ. ಇವರನ್ನು 'ಅಜ್ಞಾತ ಜನಪದ ಕವಿ' ಅನ್ನುತ್ತೀರಲ್ಲ, ಅಜ್ಞಾತ ಯಾರಿಗೆ? ನಮಗಂತೂ ಅವರ ಹೆಸರು, ಅವರ ಗುರುವಿನ ಹೆಸರು, ಗುರುವಿನ ಊರು ಎಲ್ಲ ಗೊತ್ತು.

ನಮ್ಮ ಜಿಲ್ಲೆಯಲ್ಲೇ ಜಾನಪದ ಲೋಕ ಇದೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ರಾಮನಗರದ ಹೆದ್ದಾರಿ ಪಕ್ಕ 15 ಎಕರೆಯಲ್ಲಿ ಈ ಲೋಕ ತೆರೆದರು. ಐಎಎಸ್ ಅಧಿಕಾರಿಯಾಗಿದ್ದವರು ಊರೂರು ಅಲೆದು ಹಾಡು ಹಿಡಿದಿಟ್ಟರು. ಅವರಿಗೆ ನಮ್ಮ ನಮಸ್ಕಾರ ಇದೆ. ಅವರು ಹಿಡಿಯದಿದ್ದರೆ ಎಷ್ಟೋ ದನಿ ಮಣ್ಣಾಗುತ್ತಿತ್ತು. ಆದರೆ ಮೈಸೂರಿಗೆ ಹೋಗುವ ಕಾರಿನವರು ಅಲ್ಲಿ ಇಳಿದು, ಸಾಲಾಗಿಟ್ಟ ಬುಟ್ಟಿ, ಬೀಸುಕಲ್ಲು, ವಾದ್ಯ ನೋಡಿ, 'ಎಷ್ಟು ಕ್ಯೂಟ್ ಅಲ್ವಾ' ಎಂದು ಪಟ ತೆಗೆದುಕೊಂಡು ಹೋಗುವಾಗ ನಮಗೆ ಅನ್ನಿಸುವುದು: ಅದೇ ಬುಟ್ಟಿ ಹೆಣೆದವರು, ಅದೇ ಕಲ್ಲು ಬೀಸಿದವರ ಮಕ್ಕಳು ಬಿಡದಿಯ ಕಾರ್ಖಾನೆ ಗೇಟಿನಲ್ಲಿ ಗುತ್ತಿಗೆ ಕೂಲಿಗೆ ನಿಂತಿದ್ದಾರೆ. ವಾದ್ಯ ಒಳಗೆ, ವಾದ್ಯಗಾರ ಹೊರಗೆ.

ಹೆಸರು ಅಳಿಸುವುದು ಈ ಸೀಮೆಗೆ ಹೊಸದಲ್ಲ ಬಿಡಿ. ರಾಮದೇವರ ಬೆಟ್ಟವನ್ನು 1975ರ ಸಿನಿಮಾವೊಂದು 'ಶೋಲೆ ಬೆಟ್ಟ' ಮಾಡಿತು. 2007ರಲ್ಲಿ ರಾಮನಗರ ಜಿಲ್ಲೆ ಎಂದು ಕಟ್ಟಿದ್ದನ್ನು 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಬದಲಿಸಿದರು. ಭೂಮಿಯ ರೇಟು ಏರುತ್ತದಂತೆ. ಅದಕ್ಕೇ ಏನೋ, ನಮ್ಮ ಹಾಡುಗಾರರು ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಭದ್ರವಾಗಿ ಕಟ್ಟಿಕೊಂಡಿದ್ದಾರೆ. ಬಾನಂದೂರು ಕೆಂಪಯ್ಯ. ಅಪ್ಪಗೆರೆ ತಿಮ್ಮರಾಜು. ಹಾಡಿನ ಜೊತೆ ಊರೂ ಕೇಳಿಸಲಿ ಎಂದು.

ಹೆಸರಿದ್ದರೂ ನುಂಗಬಹುದು ಎಂಬುದಕ್ಕೆ ತಮಿಳುನಾಡಿನ ಕಡೆ ನೋಡಿ. 2021ರ ಮಾರ್ಚಿನಲ್ಲಿ ಬಂದ 'ಎಂಜಾಯ್ ಎಂಜಾಮಿ' ಯಾರಿಗೆ ಗೊತ್ತಿಲ್ಲ? ಅದರ ಮಾತು ಅರಿವು ಎಂಬ ದಲಿತ ಕವಿಯದು. ಹಾಡಿದ್ದು ಧೀ ಮತ್ತು ಅರಿವು, ಸಂಗೀತ ಸಂತೋಷ್ ನಾರಾಯಣನ್ ಅವರದು. ಅರಿವಿನ ಅಜ್ಜಿ ವಳ್ಳಿಯಮ್ಮಾಳ್ ಸಿಲೋನಿನ ಚಹಾ ತೋಟದಲ್ಲಿ ದುಡಿದು ಬರಿಗೈಯಲ್ಲಿ ಮರಳಿದವರು. ನೆಲ ಬೆಳೆದವರಿಗೆ ನೆಲ ಇಲ್ಲ ಎಂಬ ಸಂಕಟ ಆ ಹಾಡಿನ ಬೇರು. ಜನ ಅದಕ್ಕೆ ಮದುವೆ ಮನೆಗಳಲ್ಲಿ ಕುಣಿದರು. ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆಯ ಭಾರತದ ಆವೃತ್ತಿ ಮುಖಪುಟ ಮಾಡಿದಾಗ ಅರಿವು ಅದರಲ್ಲಿರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬಹಿರಂಗವಾಗಿ ಕೇಳಿದ ಮೇಲೆ ದೇಶ ಕಣ್ಣುಜ್ಜಿಕೊಂಡಿತು. 2022ರಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ಉದ್ಘಾಟನೆಯಲ್ಲಿ ಹಾಡು ಮೊಳಗಿತು, ಅರಿವು ವೇದಿಕೆಯ ಮೇಲಿರಲಿಲ್ಲ. 2024ರಲ್ಲಿ ಸಂತೋಷ್ ನಾರಾಯಣನ್ ಅವರೇ, ಆ ಹಾಡಿನಿಂದ ತಮಗ್ಯಾರಿಗೂ ಒಂದು ಪೈಸೆಯೂ ಬಂದಿಲ್ಲ ಎಂದು ಹೇಳಿದರು. ಓದಿದ, ಬರೆದ, ಹೆಸರು ಮಾಡಿದ ಕವಿಗೇ ಹೀಗಾದರೆ ಕನಕಪುರದ ತಂಬೂರಿ ಅಜ್ಜನ ಗತಿ ಏನು?

ಜೊತೆಗೂಡಿ ಹಾಡುವುದು ಎಂದರೆ ಇಂಗ್ಲಿಷಿನಲ್ಲಿ ಕೊಲ್ಯಾಬೊರೇಷನ್ ಅಂತಾರೆ. ನಮ್ಮ ಹಳ್ಳಿ ಭಾಷೆಯಲ್ಲಿ ಪಾಲು ಬೇಸಾಯ ಅಂತೀವಿ. ವಾರದ ಪದ್ಧತಿ. ನೆಲ ಯಾರದು, ಬೀಜ ಯಾರದು, ದುಡಿಮೆ ಯಾರದು, ಸುಗ್ಗಿಯಲ್ಲಿ ಯಾರಿಗೆಷ್ಟು ಅಂತ ಮೊದಲೇ ಮಾತಾಗಬೇಕು. ಒಳ್ಳೆಯ ಉದಾಹರಣೆ ಇಲ್ಲವೇ ಇಲ್ಲ ಅಂತೇನೂ ಇಲ್ಲ. 2021ರ 'ಸಲಗ' ಸಿನಿಮಾದಲ್ಲಿ ಚರಣ್ ರಾಜ್ ಉತ್ತರ ಕನ್ನಡದ ಸಿದ್ದಿ ಸಮುದಾಯದ ಕಲಾವಿದರನ್ನೇ ಕರೆಸಿ 'ಟಿಣಿಂಗ ಮಿಣಿಂಗ' ಹಾಡಿಸಿದರು. ಸಿದ್ದಿ ಹೆಂಗಸರ ಮುಖ, ದನಿ ಎರಡೂ ಜನಕ್ಕೆ ಕಂಡವು. ಅವರ ಹಾಡನ್ನು ಬೇರೆಯವರ ಬಾಯಿಗೆ ಹಾಕಲಿಲ್ಲವಲ್ಲ, ಅಷ್ಟಾದರೂ ಆಯಿತು. ಸುಗ್ಗಿಯ ಲೆಕ್ಕವೂ ಹೀಗೇ ಬಯಲಲ್ಲಿ ನಡೆಯಲಿ.

'ಹಾಡು ಎಲ್ಲರದು, ಹೆಸರಿನ ಹುಚ್ಚು ಯಾಕೆ? ನಿಮ್ಮ ಚಳವಳಿಯ ಹಾಡುಗಳನ್ನೂ ಹೆಸರು ಹೇಳದೆ ಹಾಡಿದಿರಲ್ಲ' ಎಂದು ಒಬ್ಬ ಮೇಷ್ಟರು ನಮ್ಮನ್ನು ಕೆಣಕಿದರು. ಹೌದು, ಹಾಡಿದೆವು. ಮಾಗಡಿ ತಾಲ್ಲೂಕಿನ ಮಂಚನಬೆಲೆಯ ಸಿದ್ಧಲಿಂಗಯ್ಯ 1975ರಲ್ಲಿ 'ಹೊಲೆಮಾದಿಗರ ಹಾಡು' ತಂದರು. ಪುಸ್ತಕ ಕೊಳ್ಳಲು ಕಾಸಿಲ್ಲದವರೂ ಆ ಹಾಡು ಕಲಿತರು. ಕವಿ ಯಾರೆಂದು ಕೇಳದೆ ಜಾಥಾದಲ್ಲಿ ಹಾಡಿದರು, ಲಾಕಪ್ಪಿನಲ್ಲಿ ಹಾಡಿದರು. ಅದಕ್ಕೆ ಅವರು ರಾಯಧನ ಕೇಳಲಿಲ್ಲ. 2021ರ ಜೂನ್ 11ರಂದು ಕೋವಿಡ್ ಅವರನ್ನು ಕೊಂಡೊಯ್ದಾಗ, ಗುಂಪುಗೂಡಿ ಹಾಡಿ ಕಳಿಸಿಕೊಡಲೂ ಆಗದ ಕಾಲ. ನಮ್ಮ ಹುಡುಗರು ಅವರವರ ಜಗುಲಿಯಲ್ಲೇ ಕೂತು ಹಾಡಿದರು. ಆದರೆ ಮೇಷ್ಟ್ರೇ, ಮಂಚನಬೆಲೆಯ ಕವಿ ಕೊಟ್ಟದ್ದು ಕೂಲಿ ಮಾಡುವವನಿಗೆ. ಹಸಿದವನು ನೆರೆಮನೆಯಲ್ಲಿ ಮುದ್ದೆ ಉಂಡದ್ದಕ್ಕೂ, ಗೌಡ ಕಣಕ್ಕೆ ಬಂದು ರಾಶಿ ಅಳೆದುಕೊಂಡು ಹೋದದ್ದಕ್ಕೂ ನಿಮಗೆ ಒಂದೇ ಲೆಕ್ಕವಾ?

ಚಂದನ್ ಶೆಟ್ಟಿಯವರ ಮೇಲೆ ನಮಗೆ ವೈಯಕ್ತಿಕ ಜಿದ್ದಿಲ್ಲ. ಅವರು ತಪ್ಪಾಯಿತು ಅಂದರು, ಅಷ್ಟೂ ಅನ್ನದವರು ಎಷ್ಟೋ ಮಂದಿ. ಅವರಿಗೂ ಮುಂದೆ ಬರುವ ಇಂಥ ಗಾಯಕರಿಗೂ ಹೇಳುವುದು ಇಷ್ಟು. ಮುಂದಿನ ಸಲ ಮಾದಪ್ಪನ ಹಾಡು ಬೇಕೆನ್ನಿಸಿದರೆ ಶಿವರಾತ್ರಿಯ ಹೊತ್ತಿಗೆ ಕನಕಪುರದ ಸಂಗಮದ ಕಡೆ ಬನ್ನಿ. ಕಾವೇರಿ ದಾಟಿ ಕಾಡಿನ ಹಾದಿಯಲ್ಲಿ ಬೆಟ್ಟಕ್ಕೆ ನಡೆಯುವ ಜನ ಸಿಗುತ್ತಾರೆ. ಜೊತೆಗೆ ನಡೆಯಿರಿ. ಹಾಡುವವರ ಹೆಸರು ಕೇಳಿ. ಕಂಸಾಳೆಯವನನ್ನು ಸ್ಟುಡಿಯೊಕ್ಕೆ ಕರೆದರೆ ದಿನದ ಕೂಲಿಯ ಜೊತೆ ಹಾಡಿನ ಪಾಲನ್ನೂ ಕಾಗದದಲ್ಲಿ ಬರೆದು, ಅವನಿಗೆ ಓದಿ ಹೇಳಿ, ಹೆಬ್ಬೆಟ್ಟೋ ಸಹಿಯೋ ಹಾಕಿಸಿಕೊಳ್ಳಿ. ನಾಲ್ಕು ಸೆಕೆಂಡಿನ ತಮಟೆಗೂ ಬಾರಿಸಿದವನ ಹೆಸರು ಹಾಕಿ. 'ಜಾನಪದ' ಎಂದು ಬರೆಯುವ ಜಾಗದಲ್ಲಿ ಯಾವ ಊರು, ಯಾವ ಮೇಳ, ಯಾರ ಬಾಯಿಂದ ಕಲಿತದ್ದು ಎಂದು ಬರೆಯಿರಿ.

ನಾವೂ ಸುಮ್ಮನೆ ಕೂತಿಲ್ಲ. ಈ ನಾಲ್ಕು ತಾಲ್ಲೂಕಿನ ಕೆಲವು ಹುಡುಗ ಹುಡುಗಿಯರು ಸೇರಿ ಒಂದು ಉದ್ದನೆಯ ಲೆಕ್ಕದ ಪುಸ್ತಕ ಕೊಂಡಿದ್ದೇವೆ. ಭಾನುವಾರ ಕೇರಿಗಳಿಗೆ ಹೋಗುತ್ತೇವೆ. ಹಾಡು, ಹಾಡಿದವರು, ಊರು, ಯಾರಿಂದ ಕಲಿತದ್ದು ಎಂದು ನಾಲ್ಕು ಕಲಂ ಗೀಟು ಹಾಕಿದ್ದೇವೆ. ಮೊದಲ ಮೂರು ಬೇಗ ತುಂಬುತ್ತವೆ. ನಾಲ್ಕನೆಯದಕ್ಕೆ ಬಂದಾಗ ಮುದುಕಿಯರು ಮಾತು ನಿಲ್ಲಿಸುವುದೇ ಇಲ್ಲ: ನಮ್ಮವ್ವ, ಅವಳವ್ವ, ನಾಟಿಗೆ ಬರುತ್ತಿದ್ದ ಕುಂಟ ಚಿಕ್ಕಮ್ಮ, ಹುಣಸೆಮರದ ಕೆಳಗಿನ ಮನೆಯವಳು. ಗೀಟು ಹಾಕಿದ ಜಾಗ ಸಾಲದೆ ಈಗ ಆ ಕಲಮಿಗೇ ಬೇರೆ ಪುಸ್ತಕ ಇಟ್ಟಿದ್ದೇವೆ.